ಹೆಸರನ್ನು ಮರೆಸುವ ಮುಖಗಳು: ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ

ಲಂಡನ್ನಿಗೆ ಹೋದವರು ಟ್ರಫಾಲ್ಗರ್ ಚೌಕವನ್ನು ನೋಡದೆ ಹಿಂದಿರುಗುವುದು ಅಪರೂಪ. ನ್ಯಾಷನಲ್ ಗ್ಯಾಲರಿಯ ಕಂಬಗಳ ಎದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಸಮಯವಿದ್ದವರು ಒಳಗೆ ಹೋಗಿ ವ್ಯಾನ್ ಗೋನ ಸೂರ್ಯಕಾಂತಿ ಹೂಗಳನ್ನೂ ನೋಡಿಬರುತ್ತಾರೆ. ಆದರೆ ಅದೇ ಕಟ್ಟಡದ ಬೆನ್ನಿಗೆ ಆತುಕೊಂಡು, ಸೇಂಟ್ ಮಾರ್ಟಿನ್ಸ್ ಪ್ಲೇಸ್ ಎಂಬ ರಸ್ತೆಯ ಅಂಚಿನಲ್ಲಿ ನಿಂತಿರುವ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯತ್ತ ಹೊರಳುವ ನಮ್ಮವರು ಕಡಿಮೆ. ಕೇವಲ ಮುಖಗಳನ್ನು ತುಂಬಿಸಿಟ್ಟ, ಅದರಲ್ಲೂ ಬಹುಪಾಲು ಇಂಗ್ಲಿಷರ ಮುಖಗಳನ್ನೇ ತುಂಬಿಸಿಟ್ಟ ಸಂಗ್ರಹಾಲಯದಲ್ಲಿ ನಮಗೇನು ಕೆಲಸ ಎಂಬ ಪ್ರಶ್ನೆ ಸಹಜವಾದದ್ದೇ. ಒಬ್ಬ ವ್ಯಕ್ತಿಯನ್ನು, ಅವನಂಥ ಇನ್ನೊಬ್ಬನಿಲ್ಲ ಎನ್ನುವ ಹಾಗೆ, ಬಣ್ಣ ಮತ್ತು ಬಟ್ಟೆಯ ಮೇಲೆ ಹಿಡಿದಿಡಲು ಸಾಧ್ಯವೇ ಎಂಬುದರಲ್ಲಿ ನಿಮಗೆ ಆಸಕ್ತಿಯಿದ್ದರೆ, ಆ ಪ್ರಯತ್ನದ ಗೆಲುವು ಸೋಲುಗಳೆರಡನ್ನೂ ಇಷ್ಟು ಹತ್ತಿರ ಹತ್ತಿರ ಇಟ್ಟು ತೋರಿಸುವ ಸ್ಥಳ ಮತ್ತೊಂದು ಸಿಗುವುದು ಕಷ್ಟ ಎಂದಷ್ಟೇ ನನ್ನ ಉತ್ತರ.

ಈ ಗ್ಯಾಲರಿಯನ್ನು ಅರ್ಥಮಾಡಿಕೊಳ್ಳಲು ಅದರ ಹುಟ್ಟಿನ ಬಗ್ಗೆ ಸ್ವಲ್ಪ ತಿಳಿದಿರಬೇಕು. ಇದು 1856ರಲ್ಲಿ ಸ್ಥಾಪನೆಯಾಯಿತು. ಸಂಸತ್ತಿನಲ್ಲಿ ಇದಕ್ಕಾಗಿ ಪಟ್ಟು ಹಿಡಿದವನು ಇತಿಹಾಸಕಾರ ಸ್ಟ್ಯಾನ್‌ಹೋಪ್. ಅವನಿಗೆ ಬೆಂಬಲವಾಗಿ ನಿಂತವರು ಮೆಕಾಲೆ ಮತ್ತು ಕಾರ್ಲೈಲ್. ಭಾರತದಲ್ಲಿ ಇಂಗ್ಲಿಷ್ ಶಿಕ್ಷಣದ ಚರ್ಚೆ ಬಂದಾಗಲೆಲ್ಲ ನಾವು ನೆನೆಯುವ ಮೆಕಾಲೆಯೇ ಇವನು. ಚಿತ್ರಗಳನ್ನು ಆರಿಸುವಾಗ ಕಲಾವಿದನ ಪ್ರತಿಭೆಯನ್ನಲ್ಲ, ಚಿತ್ರದಲ್ಲಿರುವವರ ಪ್ರಸಿದ್ಧಿಯನ್ನು ನೋಡಬೇಕು ಎಂಬುದು ಟ್ರಸ್ಟಿಗಳು ಅಂದೇ ಹಾಕಿಕೊಂಡ ನಿಯಮ. ರಾಜ ರಾಣಿಯರನ್ನು ಬಿಟ್ಟರೆ ಬೇರೆ ಯಾರ ಚಿತ್ರವೂ ಅವರು ಸತ್ತು ಹತ್ತು ವರ್ಷ ಕಳೆಯುವವರೆಗೆ ಒಳಗೆ ಬರುವಂತಿರಲಿಲ್ಲ; ಈ ಕಟ್ಟಳೆ 1969ರವರೆಗೂ ನಡೆಯಿತು. ಎಂದರೆ ಮನುಷ್ಯನ ಮುಖದ ಅನನ್ಯತೆಯನ್ನು ಹುಡುಕಿಕೊಂಡು ಕಟ್ಟಿದ ಮನೆಯಲ್ಲ ಇದು, ರಾಷ್ಟ್ರದ ಗಣ್ಯರ ಪಟ್ಟಿಯನ್ನು ಗೋಡೆಗೇರಿಸಲು ಕಟ್ಟಿದ ಮನೆ. ಇಲ್ಲಿಯ ಒಳ್ಳೆಯ ಚಿತ್ರಗಳೆಲ್ಲ ಈ ನಿಯಮದ ಕಣ್ಣು ತಪ್ಪಿಸಿ ಒಳಗೆ ಬಂದವು ಎನ್ನಿಸುವಷ್ಟರ ಮಟ್ಟಿಗೆ, ಚಿತ್ರದಲ್ಲಿರುವವರ ಹೆಸರನ್ನು ನಮಗೆ ಮರೆಸಿಬಿಡುತ್ತವೆ.

ಸಂಗ್ರಹದ ಮೊದಲನೆಯ ಚಿತ್ರವೇ ಇದಕ್ಕೆ ಸಾಕ್ಷಿ. ಲಾರ್ಡ್ ಎಲ್ಸ್‌ಮಿಯರ್ ಕೊಡುಗೆಯಾಗಿ ಕೊಟ್ಟ, ಶೇಕ್ಸ್‌ಪಿಯರನದೆಂದು ನಂಬಲಾದ, ‘ಚಾಂಡೋಸ್ ಚಿತ್ರ’ವೆಂದು ಹೆಸರಾದ ಈ ತೈಲಚಿತ್ರಕ್ಕೆ ಗ್ಯಾಲರಿಯ ದಾಖಲೆಯಲ್ಲಿ ಒಂದನೆಯ ಸಂಖ್ಯೆ ಇದೆ. ಕಿವಿಯಲ್ಲಿ ಚಿನ್ನದ ಬಳೆ, ಬಿಚ್ಚಿಕೊಂಡ ಕೊರಳ ದಾರಗಳು, ನೆತ್ತಿಯ ಮೇಲೆ ಹಿಂದೆ ಸರಿದ ಕೂದಲು, ಮಾತು ಮುಗಿಸಿ ಎದುರಿಗಿರುವವರ ಉತ್ತರಕ್ಕೆ ಕಾಯುತ್ತಿರುವಂಥ ನೋಟ. ಇವನು ಶೇಕ್ಸ್‌ಪಿಯರನೇ ಎಂಬುದಕ್ಕೆ ಸಂಶಯಾತೀತವಾದ ಆಧಾರ ಇಂದಿಗೂ ಇಲ್ಲ. ಪ್ರಸಿದ್ಧಿಯನ್ನೇ ಅಳತೆಗೋಲು ಮಾಡಿಕೊಂಡ ಸಂಸ್ಥೆ ತನ್ನ ಮೊದಲ ಹೆಜ್ಜೆಯಲ್ಲೇ ಇವನು ಯಾರೆಂದು ಖಚಿತವಾಗಿ ಹೇಳಲಾಗದ ಮುಖವನ್ನು ಒಳಗೆ ತಂದುಕೊಂಡಿತು. ಆದರೂ ಆ ಮುಖದ ಮುಂದೆ ನಿಂತಾಗ ಈ ಅನುಮಾನ ದೊಡ್ಡ ತೊಡಕೆನಿಸುವುದಿಲ್ಲ. ಯಾರೋ ಒಬ್ಬ ಮನುಷ್ಯ ಅಲ್ಲಿದ್ದಾನೆ, ಅವನ ಅಂಗಿ ಸ್ವಲ್ಪ ಅಸ್ತವ್ಯಸ್ತವಾಗಿದೆ, ಅದನ್ನು ಸರಿಪಡಿಸಿಕೊಳ್ಳಬೇಕೆಂದು ಅವನಿಗಾಗಲಿ ಚಿತ್ರಕಾರನಿಗಾಗಲಿ ಅನ್ನಿಸಿಲ್ಲ.

ಗ್ಯಾಲರಿಯನ್ನು ಮೇಲಿನ ಮಹಡಿಯಿಂದ ನೋಡುತ್ತ ಕೆಳಗಿಳಿಯುವುದು ಒಳ್ಳೆಯದು. ಕಾಲಾನುಕ್ರಮವೂ ಹಾಗೆಯೇ ಇದೆ. ಟ್ಯೂಡರ್ ಕಾಲದ ಕೋಣೆಗಳಲ್ಲಿ ಹೋಲ್ಬೈನ್ ಬರೆದ ಎಂಟನೆಯ ಹೆನ್ರಿಯ ಆಳೆತ್ತರದ ಕರಡುಚಿತ್ರದ ಮುಂದೆ ಆತುರಪಡದೆ ನಿಲ್ಲಬೇಕು. ವೈಟ್‌ಹಾಲ್ ಅರಮನೆಯ ಗೋಡೆಯ ಮೇಲೆ ಬರೆಯಬೇಕಿದ್ದ ಭಿತ್ತಿಚಿತ್ರಕ್ಕಾಗಿ ಸುಮಾರು 1536–37ರಲ್ಲಿ ಕಾಗದದ ಮೇಲೆ ಶಾಯಿ ಮತ್ತು ಜಲವರ್ಣಗಳಿಂದ ಮಾಡಿದ ಸಿದ್ಧತೆ ಇದು. ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿದ ಸಣ್ಣ ರಂಧ್ರಗಳನ್ನು ಗಮನಿಸಬಹುದು; ಕರಡಿನ ಆಕಾರವನ್ನು ಗೋಡೆಗೆ ವರ್ಗಾಯಿಸಲು ಆಗಿನವರು ಅನುಸರಿಸುತ್ತಿದ್ದ ವಿಧಾನ ಅದು. ಭಿತ್ತಿಚಿತ್ರ 1698ರ ಬೆಂಕಿಯಲ್ಲಿ ಅರಮನೆಯೊಡನೆ ನಾಶವಾಯಿತು. ಪ್ರತಿಗಳ ಮೂಲಕವಷ್ಟೇ ಅದು ಹೇಗಿತ್ತೆಂದು ತಿಳಿಯುತ್ತದೆ. ಈ ಕರಡಿನಲ್ಲಿ ದೊರೆಯ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿದೆ. ಗೋಡೆಯ ಮೇಲೆ ಬರುವ ಹೊತ್ತಿಗೆ ಅದು ನೇರವಾಗಿ ನೋಡುಗನನ್ನೇ ದಿಟ್ಟಿಸುವಂತೆ ಬದಲಾಗಿತ್ತು. ಪಕ್ಕಕ್ಕೆ ತಿರುಗಿದ ಮುಖದಲ್ಲಿ ಇನ್ನೂ ಒಬ್ಬ ಮನುಷ್ಯನಿದ್ದಾನೆ, ಯಾವುದನ್ನೋ ಯೋಚಿಸುತ್ತಿರಬಹುದಾದ, ಕೊಂಚ ಸಣ್ಣ ಕಣ್ಣಿನ, ದಪ್ಪ ಕೆನ್ನೆಯ ವ್ಯಕ್ತಿ. ನೇರವಾಗಿ ತಿರುಗಿದೊಡನೆ ಆ ವ್ಯಕ್ತಿ ಹೋಗಿ ಸಿಂಹಾಸನ ಮಾತ್ರ ಉಳಿಯುತ್ತದೆ. ವ್ಯಕ್ತಿಯಿಂದ ಲಾಂಛನಕ್ಕೆ ಸಾಗುವ ದಾರಿಯ ನಡುವೆ ಸಿಕ್ಕಿಬಿದ್ದ ಇಂಥ ಹಾಳೆಯೊಂದು ಉಳಿದು ಬಂದದ್ದು ನಮ್ಮ ಅದೃಷ್ಟ.

ಹತ್ತಿರದಲ್ಲೇ ಅವನ ಮಗಳು ಮೊದಲನೆಯ ಎಲಿಜಬೆತ್ ಇದ್ದಾಳೆ. ಗೀರಾರ್ಟ್ಸ್ ಸುಮಾರು 1592ರಲ್ಲಿ ಬರೆದ ‘ಡಿಚ್‌ಲಿ ಚಿತ್ರ’ದಲ್ಲಿ ಆಕೆ ಇಂಗ್ಲೆಂಡಿನ ಭೂಪಟದ ಮೇಲೆ ಕಾಲೂರಿ ನಿಂತಿದ್ದಾಳೆ, ಹಿಂದೆ ಒಂದು ಕಡೆ ಗುಡುಗು ಮೋಡ, ಇನ್ನೊಂದು ಕಡೆ ಬಿಸಿಲು. ಮುತ್ತು, ರತ್ನ, ಕಸೂತಿಗಳ ಆ ಪ್ರವಾಹದಲ್ಲಿ ಮುಖ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಒಡೆಯರ ತೈಲಚಿತ್ರಗಳ ಮುಂದೆ ನಿಂತು, ಪೇಟದ ಜರಿ ಮತ್ತು ಕೊರಳಿನ ಹಾರಗಳನ್ನು ನೋಡಿ ಮುಗಿಸುವಷ್ಟರಲ್ಲಿ ಮುಂದಿನ ಚಿತ್ರಕ್ಕೆ ಸರಿದವರಿಗೆ ಈ ಅನುಭವ ಹೊಸದೇನಲ್ಲ. ಇದಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದದ್ದು ಸುಮಾರು 1575ರ ‘ಡಾರ್ನ್‌ಲಿ ಚಿತ್ರ’. ರಾಣಿಯನ್ನು ಎದುರು ಕೂರಿಸಿಕೊಂಡು ಬರೆದದ್ದೆಂದು ನಂಬಲಾದ ಈ ಚಿತ್ರದ ಮುಖವನ್ನೇ ಮುಂದೆ ಅನೇಕ ಚಿತ್ರಕಾರರು ಅಚ್ಚಿನಂತೆ ಬಳಸಿಕೊಂಡರು. ಅದರಲ್ಲಿ ಬಳಸಿದ ಕೆಂಪು ಬಣ್ಣ ಕಾಲಕ್ರಮೇಣ ಮಾಸಿಹೋಗಿದೆ. ಬರೆದ ದಿನಗಳಲ್ಲಿ ಆ ಕೆನ್ನೆಗಳು ಇನ್ನಷ್ಟು ರಂಗಾಗಿದ್ದವು. ಎಲಿಜಬೆತ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಆ ಸುಣ್ಣದಂಥ ಬಿಳಿ ಮುಖದಲ್ಲಿ ಮಾಸಿದ ಬಣ್ಣದ ಪಾಲೂ ಇದೆ ಎಂದಾಯಿತು.

ನನ್ನ ಮಟ್ಟಿಗೆ ಇಡೀ ಗ್ಯಾಲರಿಯಲ್ಲಿ ಅತ್ಯಂತ ಕಾಡುವ ಚಿತ್ರ ಇಂಗ್ಲಿಷ್ ಕಾದಂಬರಿಕಾರ್ತಿಯರಾದ ಬ್ರಾಂಟೆ ಸೋದರಿಯರದು. ಕಲೆಯ ದೃಷ್ಟಿಯಿಂದ ಅದು ಉತ್ತಮ ಚಿತ್ರವೇನಲ್ಲ. ಬರೆದವನು ಅವರ ಸೋದರ ಬ್ರ್ಯಾನ್‌ವೆಲ್, ಸುಮಾರು 1834ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ. ಅಕ್ಕ ತಂಗಿಯರ ಕುತ್ತಿಗೆಗಳು ಬಿಗಿಯಾಗಿವೆ, ಭುಜಗಳು ಒಂದರಂತೆ ಇನ್ನೊಂದಿವೆ, ಕೈಗಳನ್ನು ಬರೆಯುವ ಕಷ್ಟವನ್ನು ಹುಡುಗ ಆದಷ್ಟೂ ತಪ್ಪಿಸಿಕೊಂಡಿದ್ದಾನೆ. ಎಡದಿಂದ ಆ್ಯನ್, ಎಮಿಲಿ, ಷಾರ್ಲೆಟ್. ಎಮಿಲಿಗೂ ಷಾರ್ಲೆಟ್‌ಗೂ ನಡುವೆ ಒಂದು ಕಂಬ ಇದೆ. ಆ ಜಾಗದಲ್ಲಿ ಬ್ರ್ಯಾನ್‌ವೆಲ್ ಮೊದಲು ತನ್ನನ್ನೇ ಬರೆದುಕೊಂಡಿದ್ದ. ಆಮೇಲೆ ಏಕೋ ತನ್ನ ಮೇಲೆಯೇ ಬಣ್ಣ ಬಳಿದು ಕಂಬ ಮಾಡಿದ. ತೈಲವರ್ಣ ಹಳತಾದಂತೆ ತೆಳುವಾಗುತ್ತ ಪಾರದರ್ಶಕವಾಗುವ ಕಾರಣ, ಈಗ ಆ ಕಂಬದೊಳಗಿನಿಂದ ಹುಡುಗನ ಆಕೃತಿ ಮಸುಕಾಗಿ ಹೊರಗೆ ಬರುತ್ತಿದೆ. ಷಾರ್ಲೆಟ್‌ಳ ಪತಿ ನಿಕೋಲ್ಸ್‌ಗೆ ಈ ಚಿತ್ರ ಹಿಡಿಸಿರಲಿಲ್ಲ. ಅದನ್ನು ಮಡಚಿ ಇಟ್ಟಿದ್ದ. ಅವನು ಸತ್ತ ಮೇಲೆ 1914ರಲ್ಲಿ ಅವನ ಎರಡನೆಯ ಹೆಂಡತಿಗೆ ಐರ್ಲೆಂಡಿನ ಮನೆಯ ಬೀರುವಿನ ಮೇಲೆ ಅದು ಸಿಕ್ಕಿತು. ಮಡಿಕೆಯ ಗೆರೆಗಳು, ಬಣ್ಣ ಉದುರಿದ ಜಾಗಗಳು ಇಂದಿಗೂ ಕಾಣುವಂತೆ ಉಳಿದಿವೆ. ಹಾಗೆ ಉಳಿಸಿಕೊಂಡದ್ದು ಒಳ್ಳೆಯದಾಯಿತು. ಸೊಗಸಾಗಿ ತಿದ್ದಿಬಿಟ್ಟಿದ್ದರೆ ಇದು ಮೂವರು ಲೇಖಕಿಯರ ಸಾಧಾರಣ ಚಿತ್ರವಾಗುತ್ತಿತ್ತು; ಈಗ ನಾಲ್ವರ ಚಿತ್ರವಾಗಿದೆ, ಮತ್ತು ನಾಲ್ಕನೆಯವನ ಬಗ್ಗೆ ಅದು ಹೇಳುವಷ್ಟನ್ನು ಪರಿಣತ ಚಿತ್ರಕಾರನ ಕುಂಚ ಹೇಳಲಾರದು.

ರೆನಾಲ್ಡ್ಸ್ ಸುಮಾರು 1776ರಲ್ಲಿ ಬರೆದ ಮಾಯಿಯ ಚಿತ್ರದಲ್ಲಿ ಕೌಶಲಕ್ಕೆ ಕೊರತೆಯೇ ಇಲ್ಲ. ಶಾಂತಸಾಗರದ ರೈಯಾಟೀಯಾ ದ್ವೀಪದ ತರುಣ ಮಾಯಿ 1774ರಲ್ಲಿ ಇಂಗ್ಲಿಷ್ ಹಡಗಿನಲ್ಲಿ ಲಂಡನ್ನಿಗೆ ಬಂದ. ಅಲ್ಲಿಯ ದೊಡ್ಡವರ ಕೂಟಗಳಲ್ಲಿ ಕುತೂಹಲದ ವಸ್ತುವಾಗಿ ಓಡಾಡಿದ. 1776ರಲ್ಲಿ ಕ್ಯಾಪ್ಟನ್ ಕುಕ್‌ನೊಡನೆ ಹಿಂದಿರುಗಿದ. ರೆನಾಲ್ಡ್ಸ್ ಅವನಿಗೆ ಬಿಳಿಯ ನಿಲುವಂಗಿ ತೊಡಿಸಿ, ತಲೆಗೆ ಪೇಟ ಸುತ್ತಿ, ಬರಿಗಾಲಿನಲ್ಲಿ, ಗ್ರೀಕ್ ಶಿಲ್ಪದ ಭಂಗಿಯಲ್ಲಿ ನಿಲ್ಲಿಸಿದ್ದಾನೆ. ಆ ಉಡುಪು ಪೂರ್ವದೇಶಗಳ ಬಗೆಗಿನ ಯೂರೋಪಿನ ಕಲ್ಪನೆಯೇ ಹೊರತು ಮಾಯಿಯದಲ್ಲ. ಆದರೆ ನಿಲುವಂಗಿಯ ಮುಂದೆ ಬಂದಿರುವ ಕೈಯ ಮೇಲಿನ ಹಚ್ಚೆಯ ಚುಕ್ಕೆಗಳು ಅವನವೇ. ಎರಡು ಮೀಟರಿಗೂ ಎತ್ತರದ ಆ ಭವ್ಯ ವೇಷದಲ್ಲಿ ಲಂಡನ್ ತೊಡಿಸಲಾಗದಂಥ, ತೆಗೆಯಲಾಗದಂಥ ಗುರುತು ಅದೊಂದೇ. ಯಾರೂ ಹಣ ಕೊಟ್ಟು ಬರೆಸಿದ ಚಿತ್ರವಲ್ಲ ಇದು ಎಂದು ತೋರುತ್ತದೆ. ರೆನಾಲ್ಡ್ಸ್ ತಾನು ಸಾಯುವವರೆಗೂ ಇದನ್ನು ತನ್ನಲ್ಲೇ ಇಟ್ಟುಕೊಂಡಿದ್ದ. 2023ರಲ್ಲಿ ಈ ಗ್ಯಾಲರಿ ಮತ್ತು ಅಮೆರಿಕದ ಲಾಸ್ ಏಂಜಲೀಸಿನ ಗೆಟ್ಟಿ ಸಂಸ್ಥೆ ಸೇರಿ 5 ಕೋಟಿ ಪೌಂಡುಗಳಿಗೆ ಇದನ್ನು ಕೊಂಡವು. ಪ್ರಸಿದ್ಧರಿಗಾಗಿಯೇ ಮೀಸಲಾಗಿದ್ದ ಮನೆ, ತನ್ನ ಇತಿಹಾಸದಲ್ಲೇ ಅತಿ ದೊಡ್ಡ ಮೊತ್ತವನ್ನು ಇಂಗ್ಲೆಂಡಿನಲ್ಲಿ ಎರಡೇ ವರ್ಷ ಇದ್ದ ದ್ವೀಪವಾಸಿಯೊಬ್ಬನಿಗಾಗಿ ಸುರಿದದ್ದು ಮೆಕಾಲೆಗೆ ಹೇಗೆನಿಸುತ್ತಿತ್ತೋ!

ಕನ್ನಡ ನಾಡಿನ ಓದುಗರಿಗೆ ಸಂಗ್ರಹದ ಇನ್ನೊಂದು ಚಿತ್ರದ ಬಗ್ಗೆ ಹೇಳಬೇಕು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿಯನ್ನು ರಾಬರ್ಟ್ ಹೋಮ್ ಎಂಬ ಚಿತ್ರಕಾರ 1804ರಲ್ಲಿ ಬರೆದ. ಈ ಹೋಮ್ ನಮಗೆ ಅಪರಿಚಿತನಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆಗೆ ಬಂದು ಬೆಂಗಳೂರು ಕೋಟೆಯನ್ನೂ ಸಾವನದುರ್ಗವನ್ನೂ ಚಿತ್ರಿಸಿದವನು, ಟಿಪ್ಪುವಿನ ಮಕ್ಕಳನ್ನು ಒತ್ತೆಯಾಳುಗಳಾಗಿ ಒಪ್ಪಿಸುವ ದೃಶ್ಯವನ್ನು ಬರೆದವನು ಇವನೇ. ವೆಲ್ಲೆಸ್ಲಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಆಡಳಿತ ವಹಿಸಿಕೊಂಡ; 1800ರಲ್ಲಿ ಚನ್ನಗಿರಿಯ ಧೋಂಡಿಯ ವಾಘ್‌ನನ್ನು ಬೆನ್ನಟ್ಟಿ ಕೊಂದ; ಧೋಂಡಿಯನ ಪುಟ್ಟ ಮಗನ ಪಾಲನೆಗೆ ಏರ್ಪಾಡು ಮಾಡಿದವನೂ ಅವನೇ. ಹೋಮ್‌ನ ಚಿತ್ರದಲ್ಲಿ ಅವನು ಇನ್ನೂ ಡ್ಯೂಕನಲ್ಲ, ವಾಟರ್ಲೂ ಇನ್ನೂ ಹನ್ನೊಂದು ವರ್ಷ ದೂರವಿದೆ. ಮುಂದಿನ ಚಿತ್ರಗಳಲ್ಲಿ ಶಿಲೆಯಂತಾಗುವ ಮುಖ ಇಲ್ಲಿ ಮೂವತ್ತೈದರ ಸೇನಾಧಿಕಾರಿಯ ಮುಖ ಮಾತ್ರ. ಹೆಸರಿನ ಭಾರ ಬೀಳುವ ಮೊದಲು ಬರೆದ ಚಿತ್ರಗಳಿಗೆ ಇರುವ ಅನುಕೂಲ ಇದು. ಧೋಂಡಿಯನ ಮುಖ ಹೇಗಿತ್ತೆಂಬುದನ್ನು ಹೇಳುವ ಇಂಥ ಚಿತ್ರ ಯಾವುದನ್ನೂ ನಾನು ಕಂಡಿಲ್ಲ. ಬೆನ್ನಟ್ಟಿದವನ ಜೊತೆ ಚಿತ್ರಕಾರರಿದ್ದರು, ಓಡಿದವನ ಜೊತೆ ಇರಲಿಲ್ಲ. ಈ ಅಸಮತೆಯನ್ನು ಯಾವ ಗೋಡೆಬರಹವೂ ತುಂಬಿಕೊಡಲಾರದು, ಆದರೆ ನೋಡುವವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವುದು ಅಗತ್ಯ.

ಹತ್ತೊಂಬತ್ತನೆಯ ಶತಮಾನದ ಕೋಣೆಗಳಲ್ಲಿ ಗಡ್ಡದ ಮಂತ್ರಿಗಳ ಸಾಲನ್ನು ಬೇಗ ದಾಟಬಹುದು. ಸಂಗ್ರಹದಲ್ಲಿರುವ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್‌ಳ ಛಾಯಾಚಿತ್ರಗಳು ಪ್ರದರ್ಶನದಲ್ಲಿದ್ದರೆ ಬಿಡಬಾರದು. ಕಲ್ಕತ್ತೆಯಲ್ಲಿ ಹುಟ್ಟಿ ಸಿಲೋನಿನಲ್ಲಿ ತೀರಿಕೊಂಡ ಈಕೆ ನಲವತ್ತೆಂಟರ ಆಸುಪಾಸಿನಲ್ಲಿ ಕ್ಯಾಮೆರಾ ಹಿಡಿದವಳು. ಮಸುಕು ಮಸುಕಾದ ಅವಳ ಚಿತ್ರಗಳನ್ನು ಅಂದಿನ ವೃತ್ತಿಪರರು ಕೆಲಸ ಬಾರದವಳ ಕೈಚಳಕವೆಂದು ಹಳಿದರು. ಖಗೋಳ ವಿಜ್ಞಾನಿ ಹರ್ಷೆಲ್‌ನನ್ನು 1867ರಲ್ಲಿ ಆಕೆ ತೆಗೆದ ಚಿತ್ರದಲ್ಲಿ ಕೆದರಿದ ಬೆಳ್ಳಿಗೂದಲು ಮತ್ತು ಆಯಾಸಗೊಂಡ ಎರಡು ಕಣ್ಣುಗಳ ಹೊರತು ಬೇರೇನೂ ಇಲ್ಲ. ದೂರದರ್ಶಕವಿಲ್ಲ, ಪುಸ್ತಕವಿಲ್ಲ, ಪದಕವಿಲ್ಲ. ಕ್ಯಾಮೆರಾ ಬಂದ ಮೇಲೆ ಭಾವಚಿತ್ರಕಾರನಿಗೆ ಏನು ಕೆಲಸ ಎಂದು ಕೇಳುವವರಿಗೆ, ಕ್ಯಾಮೆರಾವೂ ತಾನಾಗಿ ವ್ಯಕ್ತಿಯನ್ನು ಹಿಡಿಯುವುದಿಲ್ಲ, ಅದರ ಹಿಂದಿರುವವರು ಹಿಡಿಯಬೇಕು ಎಂಬುದಕ್ಕೆ ಈ ಚಿತ್ರವನ್ನು ತೋರಿಸಬಹುದು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಮ್ಯಾಗಿ ಹ್ಯಾಂಬ್ಲಿಂಗ್ 1985ರಲ್ಲಿ ಬರೆದ ಡೊರೊತಿ ಹಾಜ್ಕಿನ್‌ರ ಚಿತ್ರ. ರಸಾಯನ ವಿಜ್ಞಾನಕ್ಕೆ 1964ರ ನೊಬೆಲ್ ಪಡೆದ, ಇನ್ಸುಲಿನ್ ಅಣುವಿನ ರಚನೆಯನ್ನು 1969ರಲ್ಲಿ ಬಿಡಿಸಿದ ಹಾಜ್ಕಿನ್ ಮನೆಯ ಮೇಜಿನ ಮುಂದೆ, ಕಾಗದಗಳ ರಾಶಿಯ ನಡುವೆ, ಕೆದರಿದ ಬಿಳಿಗೂದಲಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರಿಗೆ ನಾಲ್ಕು ಕೈಗಳಿವೆ. ನಮ್ಮ ದೇವತೆಗಳ ನೆನಪಾಗುವುದು ಸಹಜ. ಆದರೆ ಇಲ್ಲಿಯ ಕೈಗಳು ವರ ಕೊಡುವುದಿಲ್ಲ, ಶಸ್ತ್ರ ಹಿಡಿಯುವುದಿಲ್ಲ. ಎಳೆಯ ವಯಸ್ಸಿನಿಂದಲೇ ಸಂಧಿವಾತದಿಂದ ನರಳಿದ, ಗಂಟು ಗಂಟಾದ ಬೆರಳುಗಳು ಏಕಕಾಲದಲ್ಲಿ ಎರಡು ಕೆಲಸಗಳಲ್ಲಿ ತೊಡಗಿವೆ. ನೋಡುವವರು ಬಂದಿದ್ದಾರೆಂಬ ಅರಿವೂ ಆಕೆಗಿಲ್ಲ. ಚಿತ್ರಕ್ಕೆ ಕುಳಿತವರು ಚಿತ್ರವನ್ನು ಮರೆತು ತಮ್ಮ ಕೆಲಸಕ್ಕೆ ಮರಳಿದ ಕ್ಷಣದಲ್ಲಿ ಅವರತನ ಹೇಗೆ ಹೊರಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಕಟ್ಟಡದಲ್ಲಿ ಇಲ್ಲ. ಇನ್ಸುಲಿನ್ ತಂಡದಲ್ಲಿ ಅವರೊಡನೆ ದುಡಿದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಇದೇ ವಿದ್ಯೆಯನ್ನು ಬೆಳೆಸಿದರು ಎಂಬುದನ್ನು ನೆನೆದರೆ, ಆ ಮೇಜು ನಮಗೆ ಅಷ್ಟೇನೂ ದೂರದ್ದೆನಿಸುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಜೀವಂತ ಗಣ್ಯರಿಗಾಗಿ ಗ್ಯಾಲರಿಯೇ ಬರೆಸುವ ಚಿತ್ರಗಳಲ್ಲಿ ಹಲವು ನಿರಾಶೆ ತರುತ್ತವೆ. ಕೇಂಬ್ರಿಜ್‌ನ ಡಚೆಸ್ ಆಗಿದ್ದ ಕ್ಯಾಥರೀನ್‌ರ ಚಿತ್ರ 2013ರಲ್ಲಿ ಅನಾವರಣಗೊಂಡಾಗ ವಿಮರ್ಶಕರು ಅದನ್ನು ಕಟುವಾಗಿ ಟೀಕಿಸಿದ್ದರು. ನನಗೂ ಆ ಮಂಜು ಮುಸುಕಿದ ನುಣುಪಿನಲ್ಲಿ ಯಾರೂ ಕಾಣಲಿಲ್ಲ. ಯಾರಿಗೂ ಬೇಸರವಾಗಬಾರದೆಂದು ಬರೆದ ಚಿತ್ರ ಹಾಗಿರುತ್ತದೆ. ಬೇಸರವಾದರೆ ಏನಾಗುತ್ತದೆ ಎಂಬುದಕ್ಕೆ ಚರ್ಚಿಲ್‌ನ ಕಥೆ ಇದೆ. ಅವನ ಎಂಬತ್ತನೆಯ ಹುಟ್ಟುಹಬ್ಬಕ್ಕೆ 1954ರಲ್ಲಿ ಸಂಸತ್ತಿನ ಪರವಾಗಿ ಗ್ರಹಾಂ ಸದರ್ಲೆಂಡ್ ಬರೆದ ಚಿತ್ರ, ಕುಸಿಯುತ್ತಿರುವ, ಆದರೂ ಬಾಗದ ಮುದುಕನನ್ನು ತೋರಿಸಿತು. ಚರ್ಚಿಲ್ ಅದನ್ನು ಸಹಿಸಲಿಲ್ಲ. ಹೆಂಡತಿ ಕ್ಲೆಮೆಂಟೈನ್ ಅದನ್ನು ಗುಟ್ಟಾಗಿ ನಾಶ ಮಾಡಿಸಿದಳು. ಆ ಚಿತ್ರಕ್ಕಾಗಿ ಸದರ್ಲೆಂಡ್ ಮಾಡಿಕೊಂಡ ಅಭ್ಯಾಸಚಿತ್ರಗಳು ಈ ಗ್ಯಾಲರಿಯಲ್ಲಿ ಉಳಿದಿವೆ. ಅವುಗಳನ್ನು ನೋಡಿದರೆ ಚಿತ್ರಕಾರ ಸುಳ್ಳು ಹೇಳಿದ್ದನೆಂದು ಅನಿಸುವುದಿಲ್ಲ.

ಮಾರ್ಕ್ ಕ್ವಿನ್ ತನ್ನದೇ ರಕ್ತ ಸುಮಾರು ನಾಲ್ಕೂವರೆ ಲೀಟರನ್ನು ಹೆಪ್ಪುಗಟ್ಟಿಸಿ ಮಾಡಿದ ತಲೆಯನ್ನು, ಶೈತ್ಯಯಂತ್ರದೊಳಗೆ ಕಾಪಾಡಬೇಕಾದ ಶಿಲ್ಪವನ್ನು, ಗ್ಯಾಲರಿ 2009ರಲ್ಲಿ ಕೊಂಡಿತು. ದೇಹದ ದ್ರವ್ಯವೇ ಬಂದು ಕುಳಿತರೂ ವ್ಯಕ್ತಿ ಬಂದು ಕುಳಿತಂತಾಗಲಿಲ್ಲ ಎಂಬುದಷ್ಟೇ ಅದರ ಬಗ್ಗೆ ನನ್ನ ಅಭಿಪ್ರಾಯ. ನನ್ನ ಜೊತೆಗಿದ್ದವರು ಇದನ್ನು ಒಪ್ಪಲಿಲ್ಲ.

ಕಟ್ಟಡದ ಬಗ್ಗೆ. ಸೇಂಟ್ ಮಾರ್ಟಿನ್ಸ್ ಪ್ಲೇಸಿನ ಈ ಕಟ್ಟಡ 1896ರದು. 2020ರ ಮಾರ್ಚಿನಲ್ಲಿ ಮುಚ್ಚಿ, ದೊಡ್ಡ ಪ್ರಮಾಣದ ನವೀಕರಣದ ನಂತರ 2023ರ ಜೂನ್ 22ರಂದು ಮತ್ತೆ ತೆರೆಯಿತು. ಉತ್ತರದ ಕಡೆಗೆ, ಹಿಂದೆ ಕಿಟಕಿಗಳಿದ್ದ ಕಡೆ, ಹೊಸ ಬಾಗಿಲುಗಳನ್ನು ಇಟ್ಟಿದ್ದಾರೆ. ಆ ಕಂಚಿನ ಬಾಗಿಲುಗಳ ಮೇಲೆ ಟ್ರೇಸಿ ಎಮಿನ್ ಬರೆದ 45 ಹೆಣ್ಣುಮುಖಗಳಿವೆ. ಹಳೆಯ ಗೋಡೆಯ ಹೊರಗೆ ಕಲ್ಲಿನಲ್ಲಿ ಕೆತ್ತಿದ ಗಣ್ಯರೆಲ್ಲ ಗಂಡಸರಾದ್ದರಿಂದ ಕೊಟ್ಟ ಉತ್ತರ ಇದು. ಈ ಹೆಂಗಸರಿಗೆ ಹೆಸರಿಲ್ಲ. ಉದ್ದೇಶ ಮೆಚ್ಚಬೇಕಾದದ್ದೇ, ಗೆರೆಗಳೂ ಲವಲವಿಕೆಯಿಂದ ಕೂಡಿವೆ. ಆದರೆ ಗಂಡಸರಿಗೆ ಹೆಸರು, ಹೆಂಗಸರಿಗೆ ಪ್ರಾತಿನಿಧ್ಯ ಎಂಬ ಹಂಚಿಕೆ ಇಲ್ಲಿಯೂ ಮುಂದುವರಿಯಿತಲ್ಲ ಎಂಬ ಅಸಮಾಧಾನವನ್ನು ನಾನು ಬಚ್ಚಿಡಲಾರೆ. ಒಳಗಿನ ಗೋಡೆಗಳ ಗಾಢ ಬಣ್ಣ ಮತ್ತು ಬೆಳಕಿನ ವ್ಯವಸ್ಥೆ ಹಳೆಯ ತೈಲಚಿತ್ರಗಳಿಗೆ ಚೆನ್ನಾಗಿ ಒಪ್ಪುತ್ತವೆ. ವಿವರಣೆಯ ಫಲಕಗಳನ್ನು ತುಂಬ ಕಾಳಜಿಯಿಂದ ಬರೆದಿದ್ದಾರೆ. ಗುಲಾಮರ ವ್ಯಾಪಾರದಿಂದಲೋ ವಸಾಹತುಗಳಿಂದಲೋ ಬಂದ ಸಂಪತ್ತನ್ನು ಮುಚ್ಚಿಡದೆ ಹೇಳುವ ಪ್ರಯತ್ನ ಕಾಣುತ್ತದೆ. ಆದರೂ ಮೊದಲು ಚಿತ್ರ ನೋಡಿ, ಆಮೇಲೆ ಫಲಕ ಓದಿ ಎಂಬುದೇ ನನ್ನ ಸಲಹೆ. ಹೆಸರು ತಿಳಿದ ಮರುಕ್ಷಣ ಕಣ್ಣು ಮುಖವನ್ನು ಬಿಟ್ಟು ಚರಿತ್ರೆಯನ್ನು ನೋಡತೊಡಗುತ್ತದೆ.

ಕಾಯಂ ಸಂಗ್ರಹ ನೋಡಲು ಪ್ರವೇಶ ಶುಲ್ಕವಿಲ್ಲ. ವಿಶೇಷ ಪ್ರದರ್ಶನಗಳಿಗೆ ಟಿಕೆಟ್ ಬೇಕು. ಲೆಸ್ಟರ್ ಸ್ಕ್ವೇರ್ ಮತ್ತು ಚೇರಿಂಗ್ ಕ್ರಾಸ್ ನಿಲ್ದಾಣಗಳೆರಡರಿಂದಲೂ ನಡೆದೇ ಹೋಗಬಹುದು. ವಾರಾಂತ್ಯದ ಸಂಜೆಗಿಂತ ಕೆಲಸದ ದಿನದ ಬೆಳಗ್ಗೆ ಹೋದರೆ ಚಿತ್ರಗಳೆದುರು ನಿಲ್ಲಲು ಜಾಗ ಸಿಗುತ್ತದೆ. ಮಕ್ಕಳಿದ್ದರೆ ಟ್ಯೂಡರ್ ಕೋಣೆಗಳಿಗೂ ಬ್ರಾಂಟೆ ಚಿತ್ರಕ್ಕೂ ಸೀಮಿತಗೊಳಿಸಿಕೊಳ್ಳಿ. ಎಲ್ಲವನ್ನೂ ನೋಡಿ ಮುಗಿಸುವ ಹಟ ಇಲ್ಲಿ ಫಲ ಕೊಡುವುದಿಲ್ಲ. ಸಂಗ್ರಹದ ಒಂದು ಪಾಲು ಮಾತ್ರ ಒಂದು ಹೊತ್ತಿಗೆ ಗೋಡೆಯ ಮೇಲಿರುವುದರಿಂದ, ವೆಲ್ಲೆಸ್ಲಿಯ ಚಿತ್ರವನ್ನೋ ಕ್ಯಾಮರಾನ್‌ಳ ಛಾಯಾಚಿತ್ರಗಳನ್ನೋ ನೋಡಲೆಂದೇ ಹೋಗುವವರು ಮುಂಚಿತವಾಗಿ ಗ್ಯಾಲರಿಯ ಜಾಲತಾಣದಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಮಾಯಿಯ ಚಿತ್ರದ ವಿಷಯದಲ್ಲಂತೂ ಇದು ಕಡ್ಡಾಯ. ಒಪ್ಪಂದದ ಪ್ರಕಾರ ಅದು ಲಂಡನ್ನಿಗೂ ಲಾಸ್ ಏಂಜಲೀಸಿಗೂ ಸರದಿಯ ಮೇಲೆ ಹೋಗಿಬರುತ್ತದೆ, ನೀವು ಹೋದಾಗ ಅವನು ಅಲ್ಲಿಲ್ಲದಿರಬಹುದು.